ದಿಬ್ಬ ಯಾರದೆಂದು ಅಮೆರಿಕ ಹೇಳಿಲ್ಲ

ಚೀನಾ, ಫಿಲಿಪ್ಪೀನ್ಸ್ ಎರಡೂ ತಮ್ಮದೆನ್ನುವ ದ್ವೀಪಗಳಿರುವ ದಕ್ಷಿಣ ಚೀನಾ ಸಮುದ್ರಕ್ಕೆ ಅಮೆರಿಕದ ಯುದ್ಧನೌಕೆ ಬಂತೆಂದು ಸುದ್ದಿಯಾದ ದಿನ ನನಗೆ ಫೋನ್ ಬರುವುದು ಖಚಿತ. ಪ್ರಶ್ನೆ ಒಂದೇ: "ಅಂದರೆ ಆ ದ್ವೀಪಗಳು ಫಿಲಿಪ್ಪೀನ್ಸ್‌ನವೇ ಅಂತ ಅಮೆರಿಕ ಒಪ್ಪಿದ ಹಾಗಾಯಿತಲ್ಲ?" ಸಮುದ್ರ ಕಾನೂನು ಕಲಿಸುತ್ತ ಇಷ್ಟು ವರ್ಷ ಕಳೆದರೂ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಇಲ್ಲ, ಒಪ್ಪಿಲ್ಲ. ಅಲ್ಲಿನ ನೆಲದ ಒಡೆತನದಲ್ಲಿ ತಾನು ಯಾರ ಪರವೂ ಅಲ್ಲ ಎಂಬುದೇ ಅಮೆರಿಕದ ಅಧಿಕೃತ ನಿಲುವು.

ನೆಲದ ಒಡೆತನ ಬೇರೆ, ನೀರಿನ ಹಕ್ಕು ಬೇರೆ. ಈ ಬಂಡೆ ಯಾರದು ಎಂಬುದು ಒಂದು ವ್ಯಾಜ್ಯ. ಇಲ್ಲಿ ಮೀನು ಹಿಡಿಯುವ, ಅನಿಲ ತೆಗೆಯುವ ಹಕ್ಕು ಯಾರಿಗೆ ಎಂಬುದು ಇನ್ನೊಂದು. ಚೀನಾ ವಿರುದ್ಧ ಫಿಲಿಪ್ಪೀನ್ಸ್ ಹೂಡಿದ ದಾವೆಯಲ್ಲಿ 2016ರ ಜುಲೈ 12ರಂದು ಹೇಗ್‌ನಲ್ಲಿ ತೀರ್ಪಿತ್ತ ನ್ಯಾಯಮಂಡಳಿ ಮೊದಲನೆಯದನ್ನು ಮುಟ್ಟಲಿಲ್ಲ, ಮುಟ್ಟುವ ಅಧಿಕಾರವೂ ಅದಕ್ಕಿರಲಿಲ್ಲ. ತನ್ನದೆಂದು ಚೀನಾ ನಕ್ಷೆಯಲ್ಲಿ ಎಳೆದ ಒಂಬತ್ತು ಗೆರೆಗಳ ಒಳಗಿನ ಸಂಪತ್ತಿನ ಮೇಲೆ ಅದಕ್ಕೆ 'ಐತಿಹಾಸಿಕ ಹಕ್ಕು' ಇಲ್ಲ ಎಂದಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ. ಅಮೆರಿಕ 2020ರಲ್ಲಿ ತೀರ್ಪಿನ ಜೊತೆ ನಿಂತಿತು, ಅದೂ ನೀರಿನ ಹಕ್ಕಿನ ಮಟ್ಟಿಗೆ ಮಾತ್ರ.

ಮಿಸ್ಚೀಫ್ ದಿಬ್ಬವನ್ನೇ ನೋಡಿ. ಮೂಲದಲ್ಲಿ ಉಬ್ಬರ ಬಂದಾಗ ಮುಳುಗುತ್ತಿದ್ದ ಹವಳದ ದಿಬ್ಬ ಅದು. ಚೀನಾ ಮರಳು ಸುರಿದು ರನ್‌ವೇ ಕಟ್ಟಿದೆ. ಎಷ್ಟೇ ಮರಳು ಸುರಿದರೂ ಕಾನೂನಿನ ಕಣ್ಣಿಗೆ ಅದು ದ್ವೀಪವಾಗದು, 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರ ಅದಕ್ಕೆ ದಕ್ಕದು. ತರಗತಿಯಲ್ಲಿ ಒಬ್ಬ ಹುಡುಗಿ ತಡೆದು ಕೇಳಿದಳು: "ಸರ್, ಹಾಗಾದ್ರೆ ಅದು ಯಾರ ನೆಲಾನೂ ಅಲ್ವಾ?" ಅಂದು ನನಗಾದ ಸಂತೋಷ ಇನ್ನೂ ನೆನಪಿದೆ. ಅಲ್ಲವೇ ಅಲ್ಲ, ಅದು ಸಮುದ್ರದ ತಳ. ಮೀನು, ಅನಿಲದಂಥ ಸಂಪತ್ತು ಕರಾವಳಿಯ ದೇಶಕ್ಕೇ ಸೇರುವ 200 ನಾಟಿಕಲ್ ಮೈಲಿಯ ನೀರಿಗೆ 'ವಿಶೇಷ ಆರ್ಥಿಕ ವಲಯ' ಎನ್ನುತ್ತಾರೆ; ದಿಬ್ಬ ಫಿಲಿಪ್ಪೀನ್ಸ್‌ನ ಆ ವಲಯದೊಳಗಿರುವುದರಿಂದ ಅಲ್ಲಿನ ಹಕ್ಕು ಆ ದೇಶದ್ದು. ಅದೇ ಸಮುದ್ರದ ಇನ್ನೊಂದು ದಿಬ್ಬ ಸ್ಕಾರ್‌ಬರೋದಲ್ಲಿ ಹಾಗಲ್ಲ. ಅಲ್ಲಿ ಉಬ್ಬರದಲ್ಲೂ ತಲೆ ಎತ್ತಿ ನಿಲ್ಲುವ ಕೆಲವು ಬಂಡೆಗಳಿವೆ, ಒಡೆತನದ ಜಗಳ ಹಾಗೇ ಉಳಿದಿದೆ. ಅಲ್ಲಿ ತಲೆಮಾರುಗಳಿಂದ ಬಲೆ ಬೀಸಿದ ಎರಡೂ ಕಡೆಯ ಬೆಸ್ತರಿಗೆ ಹಕ್ಕಿದೆ ಎಂದ ಮಂಡಳಿ, ಬಂಡೆ ಯಾರದೆಂದು ಹೇಳಲಿಲ್ಲ. 2012ರಿಂದ ಆ ನೀರು ಚೀನಾದ ಹಿಡಿತದಲ್ಲಿದೆ. ಫಿಲಿಪ್ಪೀನ್ಸ್‌ನ ಬಡ ಬೆಸ್ತರು ಈಗಲೂ ಹೆದರುತ್ತಲೇ ಅಲ್ಲಿಗೆ ಹೋಗುತ್ತಾರೆ.

ಹಾಗಾದರೆ ನೌಕೆ ಬರುವುದೇಕೆ? ಅತಿಯಾದ ಹಕ್ಕುಸಾಧನೆ ಎಂದು ತನಗೆ ಕಂಡದ್ದನ್ನು ಪ್ರಶ್ನಿಸಲು. 1979ರಿಂದ ಅಮೆರಿಕ ಇದನ್ನು ಮಿತ್ರರ ವಿರುದ್ಧವೂ ಮಾಡುತ್ತಿದೆ. 2021ರ ಏಪ್ರಿಲ್‌ನಲ್ಲಿ ಲಕ್ಷದ್ವೀಪದ ಬಳಿ ನಮ್ಮ ಆರ್ಥಿಕ ವಲಯದಲ್ಲೇ ಅದರ ನೌಕೆ ಒಪ್ಪಿಗೆ ಕೇಳದೆ ಸಾಗಿತ್ತು, ದೆಹಲಿ ಆಕ್ಷೇಪಿಸಿತ್ತು. ಇಷ್ಟಾಗಿ, ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದಕ್ಕೆ ಅಮೆರಿಕ ಇನ್ನೂ ಸೇರಿಲ್ಲ.

ಅಮೆರಿಕ ಮತ್ತು ಫಿಲಿಪ್ಪೀನ್ಸ್ ನಡುವಿನ 1951ರ ರಕ್ಷಣಾ ಒಪ್ಪಂದವೂ ದಿಬ್ಬಕ್ಕೆ ಅಂಟಿಕೊಂಡದ್ದಲ್ಲ. ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸ್‌ನ ಪಡೆ, ಸರ್ಕಾರಿ ನೌಕೆ, ವಿಮಾನಗಳ ಮೇಲೆ 'ಸಶಸ್ತ್ರ ದಾಳಿ' ನಡೆದರೆ ಅದು ಜಾರಿಗೆ ಬರುತ್ತದೆ ಎಂದು ಅಮೆರಿಕ 2019ರಲ್ಲಿ ಸ್ಪಷ್ಟಪಡಿಸಿತು. ಸೆಕೆಂಡ್ ಥಾಮಸ್ ದಿಬ್ಬದಲ್ಲಿ 1999ರಿಂದ ತುಕ್ಕು ಹಿಡಿಯುತ್ತಿರುವ ಸಿಯೆರಾ ಮಾದ್ರೆ ಇಂದಿಗೂ ಫಿಲಿಪ್ಪೀನ್ಸ್ ನೌಕಾಪಡೆಯ ಹಡಗೇ, ಹಾಗಾಗಿಯೇ ಅದಕ್ಕೆ ಅಷ್ಟು ತೂಕ. ದಾಳಿಯಾದರೂ ಎರಡೂ ದೇಶಗಳು ತಮ್ಮ ಸಂವಿಧಾನದ ಪ್ರಕ್ರಿಯೆಯಂತೆ ನಡೆದುಕೊಳ್ಳಬೇಕೆಂದಷ್ಟೇ ಒಪ್ಪಂದದಲ್ಲಿದೆ. ಯುದ್ಧಕ್ಕಿಳಿಯಲೇಬೇಕೆಂದಿಲ್ಲ. ಯಾವುದು ಸಶಸ್ತ್ರ ದಾಳಿ ಎಂಬ ಗೆರೆಯನ್ನು ನಾನಂತೂ ಎಳೆಯಲಾರೆ. 2024ರ ಜೂನ್‌ನಲ್ಲಿ ಅದೇ ದಿಬ್ಬದ ಬಳಿ ಚೀನೀಯರು ಕೊಡಲಿ, ಚಾಕು ಹಿಡಿದು ಫಿಲಿಪ್ಪೀನ್ಸ್‌ನ ದೋಣಿಗಳ ಮೇಲೆರಗಿದಾಗ ಒಬ್ಬ ಫಿಲಿಪ್ಪಿನೊ ನಾವಿಕ ಹೆಬ್ಬೆರಳು ಕಳೆದುಕೊಂಡ. ಅದನ್ನೂ ಮನಿಲಾ ಸಶಸ್ತ್ರ ದಾಳಿ ಎನ್ನಲಿಲ್ಲ.