ಎರಡು ಕೀಲುಗಳ ಸ್ನಾಯು ಮತ್ತು ಪೆಲಿಕನ್ ಕರ್ಲ್

ಮೇಲ್ದೋಳಿನ ಮುಂಬದಿಯ ಸ್ನಾಯುವಾದ ಬೈಸೆಪ್ಸ್ ಇರುವುದೇ ಮೊಣಕೈ ಮಡಿಸಲಿಕ್ಕೆ ಎಂಬ ನಂಬಿಕೆ ಜಿಮ್‌ಗಳಲ್ಲಿ ಬೇರೂರಿಬಿಟ್ಟಿದೆ. ಕನ್ನಡಿಯ ಮುಂದೆ ನಿಂತು ಡಂಬೆಲ್ ಎತ್ತುವವರಿಗೆ ಅಷ್ಟು ತಿಳಿವಳಿಕೆ ಸಾಕು. ಜಿಮ್ನಾಸ್ಟಿಕ್ಸ್‌ನ ರಿಂಗ್ಸ್ ಮೇಲೆ ಪೆಲಿಕನ್ ಕರ್ಲ್ ಎಂಬ ವ್ಯಾಯಾಮ ಮಾಡಹೊರಟವರಿಗೆ ಸಾಲದು. ಭಾರವಾದ ಡಂಬೆಲ್‌ಗಳನ್ನು ಲೀಲಾಜಾಲವಾಗಿ ಎತ್ತುವ ಗಟ್ಟಿಗರೂ ಇಲ್ಲಿ ಅರ್ಧ ದಾರಿಯಲ್ಲೇ ನೆಲಕ್ಕೆ ಎದೆ ಕೊಡುವುದುಂಟು.

ರಿಂಗ್‌ಗಳನ್ನು ತಗ್ಗಿಗೆ ಇಳಿಬಿಟ್ಟು, ಕಾಲ್ಬೆರಳುಗಳನ್ನು ನೆಲಕ್ಕೂರಿ, ಪುಷ್‌ಅಪ್‌ನ ಕೆಳಹಂತದಲ್ಲಿರುವಂತೆ ಮೊಣಕೈ ಮಡಿಸಿ ಆರಂಭಿಸಬೇಕು. ಅಲ್ಲಿಂದ ಮೈಯನ್ನು ನೆಟ್ಟಗಿಟ್ಟುಕೊಂಡೇ ನಿಧಾನವಾಗಿ ಮುಂದಕ್ಕೂ ಕೆಳಕ್ಕೂ ಜಾರುತ್ತಾ, ತೋಳುಗಳು ಹಿಂದಕ್ಕೆ ಚಾಚಿ ಮೊಣಕೈ ನೇರವಾಗುವವರೆಗೆ ಇಳಿಯಬೇಕು. ಅಂಗೈ ನೆಲದ ಕಡೆಗೇ ಇರುತ್ತದೆ. ಬಳಿಕ ಮೊಣಕೈ ಮಡಿಸುತ್ತಾ ದೇಹವನ್ನು ಮೊದಲಿನ ಜಾಗಕ್ಕೆ ಎಳೆದುಕೊಳ್ಳಬೇಕು. ಕಷ್ಟವೆಲ್ಲ ಅಡಗಿರುವುದು ತೋಳು ಹಿಂದಕ್ಕೆ ಪೂರ್ತಿ ಚಾಚಿದ ಆ ಕೆಳತುದಿಯಲ್ಲಿ.

ಬೈಸೆಪ್ಸ್‌ನ ಎರಡು ತಲೆಗಳೂ ಹುಟ್ಟುವುದು ತೋಳಿನ ಮೂಳೆಯಿಂದಲ್ಲ, ಹೆಗಲ ಫಲಕದಿಂದ. ಉದ್ದ ತಲೆ ಹೆಗಲ ಕೀಲಿನ ಕುಳಿಯ ಮೇಲಂಚಿನಿಂದಲೂ ಗಿಡ್ಡ ತಲೆ ಅದೇ ಫಲಕದ ಕೊಕ್ಕಿನಂಥ ಮುಂಚಾಚಿನಿಂದಲೂ ಹೊರಟು, ಮೊಣಕೈ ದಾಟಿ, ಮುಂದೋಳಿನ ರೇಡಿಯಸ್ ಮೂಳೆಯ ಗುಬುಟಿಗೆ ಅಂಟಿಕೊಳ್ಳುತ್ತವೆ. ಅಂದರೆ ಈ ಸ್ನಾಯು ಎರಡು ಕೀಲುಗಳನ್ನು ದಾಟುತ್ತದೆ. ಮೊಣಕೈಯನ್ನಷ್ಟೇ ಮಡಿಸುವ ಸ್ನಾಯು ಬೇಕಿದ್ದರೆ ಅದರಡಿಯಲ್ಲಿ ಮರೆಯಾಗಿ ದುಡಿಯುವ ಬ್ರೇಕಿಯಾಲಿಸ್ ಇದೆ. ಪಾಪ, ಅದಕ್ಕೆ ಕನ್ನಡಿಯಲ್ಲಿ ಮರ್ಯಾದೆಯಿಲ್ಲ. ಪೆಲಿಕನ್ ಕರ್ಲ್‌ನ ಕೆಳತುದಿಯಲ್ಲಿ ಮೊಣಕೈ ನೇರ, ಹೆಗಲು ಹಿಂದಕ್ಕೆ. ಹೀಗಾಗಿ ಬೈಸೆಪ್ಸ್ ಎರಡೂ ತುದಿಗಳಿಂದ ಒಮ್ಮೆಗೇ ಹಿಗ್ಗುತ್ತದೆ.

ಹಿಗ್ಗಿದ ಸ್ನಾಯುವಿಗೆ ಏನು ತೊಂದರೆ? ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಎಂದು 1954ರಲ್ಲಿ ಎರಡು ತಂಡಗಳು, ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ ಒಂದೆಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದೆಡೆ, ಒಂದೇ ಹೊತ್ತಿಗೆ ತೋರಿಸಿಕೊಟ್ಟವು. ಇಬ್ಬರು ಹಕ್ಸ್‌ಲಿಗಳಿಗೂ ನೆಂಟಸ್ತಿಕೆಯಿರಲಿಲ್ಲ. ಈ ಎಳೆಗಳಲ್ಲಿ ತೆಳುವಾದ ಆ್ಯಕ್ಟಿನ್ ಎಳೆಯನ್ನು ತೇರಿನ ಹಗ್ಗವೆಂದೂ ದಪ್ಪನಾದ ಮಯೊಸಿನ್ ಎಳೆಯ ತಲೆಗಳನ್ನು ಅದನ್ನು ಜಗ್ಗುವ ಭಕ್ತರ ಕೈಗಳೆಂದೂ ಭಾವಿಸಿ. ಹಗ್ಗ ಜನರ ನಡುವೆ ಚೆನ್ನಾಗಿ ಹಾಯ್ದಿದ್ದರೆ ಎಲ್ಲರ ಕೈಗೂ ಅದು ಸಿಗುತ್ತದೆ, ತೇರು ಕದಲುತ್ತದೆ; ಹಗ್ಗ ಆಚೆಗೆ ಸರಿದು ಅದರ ಕೊನೆಯಷ್ಟೇ ಗುಂಪಿನೊಳಗೆ ಉಳಿದರೆ, ನೂರು ಜನ ನಿಂತಿದ್ದರೂ ಜಗ್ಗುವವರು ಹತ್ತೇ ಮಂದಿ. 1966ರಲ್ಲಿ ಗಾರ್ಡನ್, ಆಂಡ್ರ್ಯೂ ಹಕ್ಸ್‌ಲಿ ಮತ್ತು ಜೂಲಿಯನ್ ಕಪ್ಪೆಯ ಒಂದೊಂದೇ ಸ್ನಾಯುತಂತುವಿನಲ್ಲಿ ಇದನ್ನು ಅಳೆದರು: ಸ್ನಾಯುವಿನ ಕಿರು ಘಟಕವಾದ ಸಾರ್ಕೊಮಿಯರ್ 2.0ರಿಂದ 2.25 ಮೈಕ್ರೊಮೀಟರ್ ಇದ್ದಾಗ ಬಲ ಗರಿಷ್ಠ, 3.65ರ ಹೊತ್ತಿಗೆ ಒಂದು ಕೈಯೂ ಹಗ್ಗಕ್ಕೆ ಎಟುಕದೆ ಬಲ ಸೊನ್ನೆ. ನಮ್ಮ ತೋಳು ಅಂಥ ಅತಿಗೆ ಹೋಗುವುದಿಲ್ಲವಾದರೂ ಉದ್ದ ಬದಲಾದಂತೆ ಬಲ ಬದಲಾಗುವ ನಿಯಮ ಅಲ್ಲಿಯೂ ಅದೇ.

ಇದಕ್ಕೆ ಸನ್ನೆಕೋಲಿನ ಲೆಕ್ಕವೂ ಸೇರುತ್ತದೆ. ಮೊಣಕೈ ಲಂಬಕೋನದಲ್ಲಿದ್ದಾಗ ಬೈಸೆಪ್ಸ್‌ನ ಎಳೆತ ಕೀಲಿನ ಅಕ್ಷದಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಬೀಳುತ್ತದೆ. ಕೈ ನೇರವಾದಂತೆ ಆ ದೂರ ಕುಗ್ಗುತ್ತದೆ. ನಿಂತು ಡಂಬೆಲ್ ಎತ್ತುವಾಗ ಇದು ಅರಿವಿಗೇ ಬರುವುದಿಲ್ಲ, ಏಕೆಂದರೆ ಕೈ ನೇರವಾಗಿ ಜೋತುಬಿದ್ದಾಗ ಡಂಬೆಲ್ ಮೊಣಕೈಯ ನೇರ ಕೆಳಗಿದ್ದು, ಅದನ್ನು ತಿರುಗಿಸುವ ಬಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪೆಲಿಕನ್ ಕರ್ಲ್ ಇದನ್ನು ತಲೆಕೆಳಗು ಮಾಡುತ್ತದೆ: ಸ್ನಾಯು ದುರ್ಬಲವಾಗಿರುವ ಜಾಗದಲ್ಲೇ ಹೊರೆ ಅತಿ ಹೆಚ್ಚು. ಸಾಲದ್ದಕ್ಕೆ ರಿಂಗ್‌ಗಳು ಯಾವ ದಿಕ್ಕಿಗಾದರೂ ಓಲಾಡುತ್ತವೆ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಈ ಉಪಕರಣದ ಸ್ಪರ್ಧೆ ನಡೆದಿತ್ತು. 1956 ಮತ್ತು 1960ರಲ್ಲಿ ಚಿನ್ನ ಗೆದ್ದ ಸೋವಿಯತ್ ಒಕ್ಕೂಟದ ಆಲ್ಬರ್ಟ್ ಅಜಾರ್ಯಾನ್ ತೋಳು ಚಾಚಿ ಶಿಲುಬೆಯಾಕಾರದಲ್ಲಿ ನಿಲ್ಲುವ ಭಂಗಿಗೇ ಹೆಸರಾದವರು. ಅಲ್ಲಿಯೂ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ನೇರ ಮೊಣಕೈಯಲ್ಲಿ ಬೀಳುವ ಹೊರೆ ಸಾಮಾನ್ಯದ್ದಲ್ಲ.

ಮರುದಿನ ತೋಳು ಮಡಿಸಲಾಗದಷ್ಟು ನೋವು ಬಂದರೆ ‘ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ತಿಕ್ಕಿ ತೆಗೆಯಬೇಕು’ ಎನ್ನುವ ಪಂಡಿತರು ಎಲ್ಲ ಜಿಮ್‌ಗಳಲ್ಲೂ ಇದ್ದಾರೆ. ಆದರೆ ವ್ಯಾಯಾಮ ನಿಂತ ಒಂದೆರಡು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಸಹಜ ಮಟ್ಟಕ್ಕೆ ಇಳಿದಿರುತ್ತದೆ. ನೋವು ಶಿಖರ ಮುಟ್ಟುವುದು ಒಂದರಿಂದ ಮೂರು ದಿನಗಳ ನಡುವೆ. ಅದರ ಮೂಲ, ಹೊರೆ ಹೊತ್ತು ಹಿಗ್ಗುವಾಗ ತಂತುಗಳಲ್ಲಿ ಆಗುವ ಸೂಕ್ಷ್ಮ ಹಾನಿ ಮತ್ತು ಅದನ್ನು ಹಿಂಬಾಲಿಸುವ ಉರಿಯೂತ. ಅದೇ ವ್ಯಾಯಾಮವನ್ನು ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ನೋವು ಗಮನಾರ್ಹವಾಗಿ ಕಡಿಮೆಯಿರುತ್ತದೆ.

ಸ್ನಾಯು ಬೇಗ ಬಲಗೊಳ್ಳುತ್ತದೆ, ಸ್ನಾಯುರಜ್ಜು ನಿಧಾನ. ಆದ್ದರಿಂದ ಮೊದಮೊದಲು ರಿಂಗ್‌ಗಳನ್ನು ಎತ್ತರಕ್ಕೆ ಕಟ್ಟಿ, ದೇಹದ ಹೆಚ್ಚಿನ ಭಾರವನ್ನು ಕಾಲಿಗೇ ಬಿಟ್ಟು, ಅರ್ಧದಷ್ಟೇ ಇಳಿದು ಮೇಲೇಳುವುದು ಲೇಸು. ರಿಂಗ್ ತಗ್ಗಿದಷ್ಟೂ ಕೈಗೆ ಬೀಳುವ ಪಾಲು ಏರುತ್ತದೆ. ಉದ್ದ ತಲೆಯ ರಜ್ಜು ತೋಳುಮೂಳೆಯ ಮುಂಬದಿಯ ತೋಡಿನಲ್ಲಿ ಹಾದುಹೋಗುವುದರಿಂದ, ಭುಜದ ಮುಂಭಾಗದಲ್ಲಿ ಚುಚ್ಚಿದಂತಾದರೆ ಅಂದಿನ ಮಟ್ಟಿಗೆ ರಿಂಗ್ ಬಿಟ್ಟು ಕೆಳಗಿಳಿಯಬೇಕು.