ಬೆರಳು ಚುಚ್ಚಿ ನೋಡಿದ ರಕ್ತದ ಲೆಕ್ಕವನ್ನು ನಂಬಬಹುದಾ?

ಪ್ರಶ್ನೆ: ಆರೋಗ್ಯ ಸಮೀಕ್ಷೆಯವರು ಮನೆಗೇ ಬಂದು ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ, ಬಿಪಿ ನೋಡುತ್ತಾರೆ. ಹೀಗೆ ಅಳೆದ ಅಂಕಿ ಎಷ್ಟು ಸರಿ ಇರುತ್ತದೆ?

ಉತ್ತರ: ಅದು ಯಂತ್ರಕ್ಕಿಂತ ಜಾಸ್ತಿ ಅಳೆಯುವವರ ಕೈಯಲ್ಲಿದೆ.

ರಕ್ತಹೀನತೆಯ, ಅಂದರೆ ಹಿಮೋಗ್ಲೋಬಿನ್ ಕಡಿಮೆ ಇರುವವರ ಲೆಕ್ಕವನ್ನೇ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 58.6ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಬಂತು. 2016-18ರಲ್ಲಿ ನಡೆದ ಇನ್ನೊಂದು ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ 1ರಿಂದ 4 ವರ್ಷದವರಲ್ಲಿ ಬಂದದ್ದು ಸುಮಾರು ಶೇ. 41. ಮೊದಲನೆಯದರಲ್ಲಿ 6 ತಿಂಗಳ ಕೂಸುಗಳೂ ಇದ್ದವು, ನಿಜ. ಆದರೆ ಅದೊಂದರಿಂದಲೇ ಇಷ್ಟು ಅಂತರ ಬರುವುದಿಲ್ಲ. ಮೊದಲನೆಯವರು ಬೆರಳಿನ ಹನಿ ತೆಗೆದುಕೊಂಡರು. ಎರಡನೆಯವರು ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು.

ಬೆರಳಿನ ಹನಿಯಲ್ಲಿ ಏನು ತೊಂದರೆ? ರಕ್ತ ಬರಲಿಲ್ಲ ಅಂತ ಬೆರಳನ್ನು ಹಿಂಡಿದರೆ ಸುತ್ತಲಿನ ಅಂಗಾಂಶದ ನೀರೂ ಸೇರುತ್ತದೆ. ರಕ್ತ ತೆಳುವಾಗಿ ಹಿಮೋಗ್ಲೋಬಿನ್ ಕಡಿಮೆ ತೋರಿಸಬಹುದು. ಅದಕ್ಕೇ ಮೊದಲ ಹನಿಗಳನ್ನು ಒರೆಸಿ ಆಮೇಲಿನದನ್ನು ತೆಗೆದುಕೊಳ್ಳಬೇಕು, ಹಿಂಡಬಾರದು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅಳುವ ಮಗುವನ್ನು ಹಿಡಿದುಕೊಂಡು ಇದನ್ನೆಲ್ಲ ಪಾಲಿಸುವುದು ಸುಲಭವಲ್ಲ. ಆ ಸಿಬ್ಬಂದಿಗೆ ಒಳ್ಳೆಯ ತರಬೇತಿ, ಸಾಕಷ್ಟು ಸಮಯ ಕೊಡುವುದು ಖರ್ಚು ಉಳಿಸುವ ಜಾಗವೇ ಅಲ್ಲ. ಮುಂದೆ ರಕ್ತಹೀನತೆಯ ಅಳತೆಯನ್ನು ಕುಟುಂಬ ಆರೋಗ್ಯ ಸಮೀಕ್ಷೆಯಿಂದ ಬಿಟ್ಟು, ರಕ್ತನಾಳದ ರಕ್ತ ಬಳಸುವ ಬೇರೆ ಸಮೀಕ್ಷೆಗೆ ವಹಿಸಿದರು. ಅದರ ಹೊಣೆಯನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಗೆ ಕೊಟ್ಟರು. ಸರಿಯಾದ ಹೆಜ್ಜೆ ಎಂದೇ ನನಗೆ ಅನ್ನಿಸುತ್ತದೆ.

ಬಿಪಿಯನ್ನು ಮೂರು ಸಲ, ನಡುವೆ ಬಿಡುವು ಕೊಟ್ಟು ನೋಡುತ್ತಾರೆ. ಅಪರಿಚಿತರು ಬಂದಾಗ ಮೊದಲ ಸಲ ಏರಿರುವುದು ಸಹಜ, ಅಲ್ವಾ? ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೂ ಅಂಕಿ ಸುಮ್ನೆ ಏರುತ್ತದೆ. ಹಾಗಾಗಿ ತೋಳಿನ ಸುತ್ತಳತೆ ನೋಡಿ ಪಟ್ಟಿ ಆರಿಸಬೇಕು.

ತಪ್ಪು ಹಿಡಿಯಲು ಚೆಂದದ ಒಂದು ದಾರಿ ಇದೆ. ಸಮೀಕ್ಷೆಯಲ್ಲಿ ಜನರ ಎತ್ತರವನ್ನೂ ಅಳೆಯುತ್ತಾರೆ; ಅದನ್ನು ಮಿಲಿಮೀಟರ್‌ವರೆಗೆ ಬರೆದರೆ ಕೊನೆಯ ಅಂಕಿ 0ಯಿಂದ 9ರವರೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿರಬೇಕು. 0 ಮತ್ತು 5 ಸೇರಿ ಶೇ. 20ರ ಆಸುಪಾಸು. ಒಂದು ತಂಡದ್ದು ಶೇ. 50 ಬಂದರೆ ಅವರು ಅಂದಾಜಿಗೆ ಬರೆಯುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಸಮೀಕ್ಷೆ ಮುಗಿಯುವ ಮೊದಲೇ ಇದು ಕಂಡರೆ ಆ ತಂಡಕ್ಕೆ ಮತ್ತೆ ತರಬೇತಿ ಕೊಡಬಹುದು.

ಒಂದು ಮಾತು: ಈ ಅಳತೆ ಇರುವುದು ಜಿಲ್ಲೆ, ರಾಜ್ಯದ ಲೆಕ್ಕಕ್ಕೆ. ನಿಮ್ಮ ಚೀಟಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ಬರೆದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.