ಸ್ಲೈಡ್ ಚೆನ್ನಾಗಿದೆ, ಮಕ್ಕಳು ಮಾತ್ರ ಮೌನ!

ಪ್ರಶ್ನೆ: ಆನ್‌ಲೈನ್‌ನಲ್ಲಿ ಪೌರನೀತಿ ಪಾಠ ಮಾಡುತ್ತೇನೆ. ಕಷ್ಟಪಟ್ಟು ಸ್ಲೈಡ್ ಮಾಡಿದ್ದೇನೆ, ಬಣ್ಣ, ಚಿತ್ರ ಎಲ್ಲ ಇದೆ. ಆದರೂ ಮಕ್ಕಳು ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೂತಿರುತ್ತಾರೆ. ಏನು ಮಾಡಲಿ?

ಉತ್ತರ: ಬೇಜಾರು ಮಾಡ್ಕೋಬೇಡಿ, ಒಂದು ಕೇಳುತ್ತೇನೆ. ಸ್ಲೈಡ್‌ನಲ್ಲಿ ಇರುವುದನ್ನೇ ಓದಿ ಹೇಳುತ್ತಿದ್ದೀರಾ? ನಾನೂ ಹಾಗೇ ಮಾಡುತ್ತಿದ್ದೆ. ತೆರೆಯ ಮೇಲಿನ ಸಾಲನ್ನು ಮಕ್ಕಳು ನಮಗಿಂತ ಬೇಗ ಓದಿ ಮುಗಿಸುತ್ತಾರೆ. ಆಮೇಲೆ ನಮ್ಮ ದನಿ ಬರೀ ಅಡ್ಡಿ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸುವಾಗ ಅದೇ ಮಾತನ್ನು ತೆರೆಯ ಮೇಲೂ ಹಾಕಿದರೆ ಕಲಿಕೆ ಕಡಿಮೆಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗ ಮಾಡಿಯೇ ತೋರಿಸಿದ್ದಾರೆ.

ಹಾಗಾಗಿ ಸ್ಲೈಡ್‌ನಲ್ಲಿರುವ ಉತ್ತರ ತೆಗೆದುಹಾಕಿ. ಕೈ ಹಾಕುವಂಥ ಕೆಲಸ ಇಡಿ.

ಚುನಾವಣೆಯ ಪಾಠ ಅಂದುಕೊಳ್ಳಿ. ಒಂದು ಸ್ಲೈಡ್‌ನಲ್ಲಿ 15 ಚೌಕ ಬರೆಯಿರಿ, 5ರಂತೆ 3 ಸಾಲು. ಪ್ರತಿ ಸಾಲಿನಲ್ಲೂ ಎಡಗಡೆಯ 2 ಕೆಂಪು, ಉಳಿದ 3 ನೀಲಿ. ಒಂದೊಂದು ಚೌಕ ಒಂದೊಂದು ಮತ. "5 ಚೌಕದ 3 ಕ್ಷೇತ್ರ ಮಾಡಿ, ಒಂದು ಕ್ಷೇತ್ರದ ಚೌಕಗಳು ಒಂದಕ್ಕೊಂದು ಅಂಟಿಕೊಂಡಿರಬೇಕು" ಅನ್ನಿ, ಅಷ್ಟೇ. ಸಾಲಿನ ಪ್ರಕಾರ ಅಡ್ಡ ಗೆರೆ ಎಳೆದವರಿಗೆ ಮೂರೂ ಕ್ಷೇತ್ರ ನೀಲಿಗೆ. ಅಷ್ಟರಲ್ಲಿ ಯಾರೋ ಒಬ್ಬರು ಗೆರೆಯನ್ನು ಸೊಟ್ಟ ಎಳೆದಿರುತ್ತಾರೆ. ಅಲ್ಲಿ 6 ಮತದ ಕೆಂಪಿಗೆ 2 ಕ್ಷೇತ್ರ, 9 ಮತದ ನೀಲಿಗೆ ಒಂದೇ! "ಸರ್, ಇದು ಮೋಸ ಅಲ್ವಾ?" ಅಂತ ಮೈಕ್ ಆನ್ ಆಗುವುದು ಆಗಲೇ. (ಯಾರೂ ಎಳೆಯದಿದ್ದರೆ ನೀವೇ ಎಳೆಯಿರಿ. ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ, ನನಗೆ ಮೊದಲ ಸಲ ತಲೆ ಕೆಟ್ಟಿತ್ತು.)

ಮುಂದಿನ ಸ್ಲೈಡ್‌ಗೆ ಒಂದೇ ಚಿತ್ರ ಸಾಕು. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕ್ಷೇತ್ರದ ಗಡಿ ಎಷ್ಟು ಸೊಟ್ಟಗಿತ್ತೆಂದರೆ, ಪತ್ರಿಕೆಯೊಂದು ಅದನ್ನು ರೆಕ್ಕೆಯಿರುವ ವಿಚಿತ್ರ ಪ್ರಾಣಿಯಾಗಿ ಬರೆದು ಅಚ್ಚು ಹಾಕಿತು. ಆಗಿನ ಗವರ್ನರ್ ಎಲ್‌ಬ್ರಿಜ್ ಗೆರಿಯ ಹೆಸರಿಗೆ ಸಲಮ್ಯಾಂಡರ್ (ಹಲ್ಲಿಯಂತೆ ಕಾಣುವ ಒಂದು ಪ್ರಾಣಿ) ಸೇರಿ 'ಗೆರಿಮ್ಯಾಂಡರ್' ಎಂಬ ಪದ ಹುಟ್ಟಿತು; ಅಂದರೆ ತಮ್ಮ ಪಕ್ಷ ಗೆಲ್ಲುವ ಹಾಗೆ ಕ್ಷೇತ್ರದ ಗಡಿ ಎಳೆಯುವುದು. ಗೆರೆ ಎಳೆದ ಕೈಗೆ ಈ ಕಥೆ ಮರೆಯುವುದಿಲ್ಲ.

ಹಕ್ಕುಗಳ ಪಾಠಕ್ಕೂ ಇದೇ ದಾರಿ. ನ್ಯೂಜಿಲೆಂಡ್, ಸ್ವಿಟ್ಜರ್ಲೆಂಡ್, ಎರಡೇ ಹೆಸರು ಇಟ್ಟು, ದೇಶದ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಎಲ್ಲಿ ಯಾವಾಗ ಮತ ಸಿಕ್ಕಿತು ಅಂತ ಊಹಿಸಲು ಹೇಳಿ. ಚಾಟ್‌ನಲ್ಲಿ ಬರೆದಿಟ್ಟುಕೊಂಡು, ನೀವು ಹೇಳಿದ ಮೇಲೆ ಎಲ್ಲರೂ ಒಟ್ಟಿಗೆ ಕಳುಹಿಸಲಿ. ಇಲ್ಲದಿದ್ದರೆ ಮೊದಲು ಬಂದ ಉತ್ತರವನ್ನೇ ಉಳಿದವರು ನಕಲು ಮಾಡುತ್ತಾರೆ. ಆಮೇಲೆ ಇಸವಿ ತೋರಿಸಿ: 1893, 1971. ತೋರಿಸಿ ಸ್ವಲ್ಪ ಹೊತ್ತು ಸುಮ್ಮನಿರಿ.

ಅಕ್ಷರ ದೊಡ್ಡದಿರಲಿ, ಜಾಸ್ತಿ ಮಕ್ಕಳು ನೋಡುವುದು ಮೊಬೈಲ್‌ನಲ್ಲಿ. ಚರ್ಚೆ ಶುರುವಾದ ಕೂಡಲೇ ಸ್ಲೈಡ್ ಶೇರ್ ನಿಲ್ಲಿಸಿ.

ಕ್ಯಾಮೆರಾ ವಿಷಯ ಬಿಟ್ಟುಬಿಡಿ. ಮನೆಯಲ್ಲಿ ಹಿಂದೆ ಯಾರು ಓಡಾಡುತ್ತಿದ್ದಾರೋ ಅನ್ನುವ ಸಂಕೋಚ ಎಷ್ಟೋ ಮಕ್ಕಳಿಗೆ ಇರುತ್ತದೆ. ತೆರೆಯ ಮೇಲೆ ಅವರದೊಂದು ಗೆರೆ ಬಿದ್ದರೆ ಸಾಕು.